ದೊರೆ ಇಳಿದ ಮೇಲೆ ಉಳಿಯುವುದೇನು?

‘ಗದ್ದಾಫಿ ಇದ್ದಾಗಲೇ ಲಿಬಿಯಾ ವಾಸಿ’ ಎಂಬ ಮಾತು ಅರಬ್ ದೇಶಗಳ ಸುದ್ದಿ ಬಂದಾಗಲೆಲ್ಲ ಯಾರ ಬಾಯಿಂದಲಾದರೂ ಬಂದೇ ಬರುತ್ತದೆ. ಕೊಲ್ಲಿಯಲ್ಲಿ ದುಡಿದು ಮಂಗಳೂರಿಗೋ ಭಟ್ಕಳಕ್ಕೋ ಮರಳಿದವರು ಹೇಳುತ್ತಾರೆ, ಟಿವಿ ಚರ್ಚೆಗೆ ಕೂತ ನಿವೃತ್ತ ರಾಯಭಾರಿಗಳು ಹೇಳುತ್ತಾರೆ, ಅದೇ ದೇಶಗಳಲ್ಲಿ ಮನೆಮಠ ಕಳೆದುಕೊಂಡವರಲ್ಲೂ ಕೆಲವರು ಹೇಳುತ್ತಾರೆ. ಹಗುರವಾಗಿ ತಳ್ಳಿಹಾಕುವ ಮಾತಲ್ಲ ಇದು. 2011ರಲ್ಲಿ ಜನ ದೊಡ್ಡ ಸಂಖ್ಯೆಯಲ್ಲಿ ಬೀದಿಗಿಳಿದದ್ದು ಟ್ಯುನೀಷಿಯಾ, ಈಜಿಪ್ಟ್, ಲಿಬಿಯಾ, ಸಿರಿಯಾ, ಯೆಮನ್, ಬಹ್ರೇನ್‌ಗಳಲ್ಲಿ. ಈ ಆರರಲ್ಲಿ ಇವತ್ತು ನೆಲೆಗೊಂಡ ಪ್ರಜಾಪ್ರಭುತ್ವ ಎನ್ನಬಹುದಾದದ್ದು ಒಂದೂ ಇಲ್ಲ.

ಇನ್ನೊಂದು ಪಕ್ಷದವರದು ತಾಳ್ಮೆಯ ವಾದ. 1789ರಲ್ಲಿ ಬಾಸ್ಟಿಲ್ ಬಿದ್ದ ಮೇಲೆ ಫ್ರಾನ್ಸಿನಲ್ಲಿ ಗಣರಾಜ್ಯ ಗಟ್ಟಿಯಾಗಿ ನಿಲ್ಲಲು ಎಂಬತ್ತು ವರ್ಷಕ್ಕೂ ಹೆಚ್ಚು ಹಿಡಿಯಿತಲ್ಲ, ಅರಬರಿಗೇಕೆ ಅವಸರ ಎಂದು ಕೇಳುತ್ತಾರೆ. ಇತಿಹಾಸದ ಪಾಠವಾಗಿ ಸರಿಯೇ ಇರಬಹುದು. ಆದರೆ ಅಲೆಪ್ಪೊದಲ್ಲಿ ಮಕ್ಕಳನ್ನು ಮಣ್ಣು ಮಾಡಿದ ತಂದೆಗೆ ‘ಎಂಬತ್ತು ವರ್ಷ ಕಾಯಪ್ಪ’ ಎನ್ನಲು ನಾಲಿಗೆ ಹೊರಳಬೇಕಲ್ಲ.

ಎರಡೂ ಪಕ್ಷಗಳು ಜನರನ್ನೇ ಕಟಕಟೆಯಲ್ಲಿ ನಿಲ್ಲಿಸುತ್ತವೆ. ಅವರು ಸಿದ್ಧರಿದ್ದರೇ, ಅವರಿಗೆ ಪಕ್ವತೆ ಇತ್ತೇ, ಅವಸರ ಮಾಡಿದರೇ ಎಂದು. ನನಗೆ ಕಾಣುವುದು ಬೇರೆ. ದಂಗೆಯ ಹಣೆಬರಹ ಬಹುಪಾಲು ದಂಗೆಗೆ ಮುಂಚೆಯೇ ಬರೆದಾಗಿರುತ್ತದೆ, ಬರೆದವನು ದೊರೆ. ತನ್ನನ್ನು ಬಿಟ್ಟು ನಾಡಿನಲ್ಲಿ ಬೇರೇನೂ ಸ್ವಂತ ಕಾಲ ಮೇಲೆ ನಿಲ್ಲದಂತೆ ನೋಡಿಕೊಳ್ಳುವುದೇ ಅವನ ಆಡಳಿತದ ಅರ್ಧ ಕೆಲಸ. ಆಮೇಲೆ ಆ ಬಯಲನ್ನೇ ತೋರಿಸಿ, ನಾನು ಹೋದರೆ ನಿಮ್ಮ ಗತಿ ನೋಡಿಕೊಳ್ಳಿ ಎನ್ನುತ್ತಾನೆ. 2011ರ ಫೆಬ್ರುವರಿ ಮೊದಲ ವಾರ ಈಜಿಪ್ಟಿನ ಹೊಸ್ನಿ ಮುಬಾರಕ್ ಅಮೆರಿಕದ ಎಬಿಸಿ ವಾಹಿನಿಗೆ ಹೇಳಿದ್ದರ ತಾತ್ಪರ್ಯ ಇದೇ. ಅದೇ ತಿಂಗಳು ಗದ್ದಾಫಿಯ ಮಗ ಸೈಫ್ ಟಿವಿಯಲ್ಲಿ ಕೂತು ಅಂತರ್ಯುದ್ಧದ ಬೆದರಿಕೆ ಹಾಕಿದ. ಅಕ್ಟೋಬರ್‌ನಲ್ಲಿ ಸಿರಿಯಾದ ಬಷರ್ ಅಲ್ ಅಸಾದ್, ನಮ್ಮನ್ನು ಮುಟ್ಟಿದರೆ ಇನ್ನೊಂದು ಅಫ್ಗಾನಿಸ್ತಾನವಾದೀತು ಎಂದ. ಮುಂದೇನಾಯಿತೆಂದು ಗೊತ್ತಿರುವ ನಾವು ಇದನ್ನು ಭವಿಷ್ಯವಾಣಿ ಎಂದುಕೊಳ್ಳುತ್ತೇವೆ. ಅದು ಭವಿಷ್ಯವಾಣಿಯಲ್ಲ, ತಾವೇ ಮಾಡಿಟ್ಟ ಏರ್ಪಾಡಿನ ವಿವರಣೆ.

ಮೊದಲ ಕಿಡಿಯ ಕಥೆ ಎಲ್ಲರಿಗೂ ಗೊತ್ತು. 2010ರ ಡಿಸೆಂಬರ್ 17ರಂದು ಟ್ಯುನೀಷಿಯಾದ ಒಳನಾಡಿನ ಸಿದಿ ಬೂಝೀದ್‌ನಲ್ಲಿ ಮೊಹಮ್ಮದ್ ಬುವಾಝಿಝಿ ಎಂಬ 26ರ ಹರೆಯದ ತಳ್ಳುಗಾಡಿ ವ್ಯಾಪಾರಿ ಮೈಗೆ ಬೆಂಕಿ ಹಚ್ಚಿಕೊಂಡ. ಪುರಸಭೆಯವರು ಅವನ ತಕ್ಕಡಿ ಕಿತ್ತುಕೊಂಡಿದ್ದರು. ಅವನು ಪದವೀಧರ ಎಂದು ಸುದ್ದಿಯಾಯಿತು. ಅವನು ಹೈಸ್ಕೂಲನ್ನೂ ಮುಗಿಸಿರಲಿಲ್ಲ. ಮಹಿಳಾ ಸಿಬ್ಬಂದಿಯೊಬ್ಬಳು ಕೆನ್ನೆಗೆ ಹೊಡೆದಳು ಎಂದರು. ಮುಂದೆ ನ್ಯಾಯಾಲಯ ಆಕೆಯನ್ನು ಬಿಟ್ಟುಕಳಿಸಿತು. ವಿವರ ತಪ್ಪಿದ್ದರೂ ದೇಶ ಆ ಕಥೆಯನ್ನು ನಂಬಿತು, ಯಾಕೆಂದರೆ ಯಾವುದಾದರೊಂದು ಕಚೇರಿಯ ಬಾಗಿಲಲ್ಲಿ ಅಂಥ ಕೆನ್ನೆಯೇಟು ತಿನ್ನದವರು ಅಲ್ಲಿ ಕಡಿಮೆ. ನಾಲ್ಕೇ ವಾರದಲ್ಲಿ, ಜನವರಿ 14ರಂದು, 23 ವರ್ಷ ಆಳಿದ ಬೆನ್ ಅಲಿ ವಿಮಾನ ಹತ್ತಿ ಸೌದಿಗೆ ಓಡಿದ.

ಇದು ಹೊಟ್ಟೆಯ ಸಿಟ್ಟೋ ಮಾನದ ಸಿಟ್ಟೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. 2010ರ ಬರಗಾಲದಲ್ಲಿ ರಷ್ಯಾ ಗೋಧಿ ರಫ್ತು ನಿಲ್ಲಿಸಿತ್ತು, ಜಗತ್ತಿನಲ್ಲೇ ಅತಿ ಹೆಚ್ಚು ಗೋಧಿ ಕೊಳ್ಳುವ ಈಜಿಪ್ಟಿಗೆ ಅದರ ಬಿಸಿ ತಟ್ಟಿತ್ತು. 1977ರಲ್ಲಿ ಅಧ್ಯಕ್ಷ ಸಾದತ್ ಬ್ರೆಡ್ಡಿನ ಸಬ್ಸಿಡಿಗೆ ಕೈಹಾಕಿದಾಗ ಕೈರೊ ಹೊತ್ತಿ ಉರಿದ ನೆನಪು ಅಲ್ಲಿನವರಿಗಿದೆ. ಆದರೆ ತಹ್ರೀರ್ ಚೌಕದಲ್ಲಿ ಕೂಗಿದ ಘೋಷಣೆಯಲ್ಲಿ ರೊಟ್ಟಿ, ಸ್ವಾತಂತ್ರ್ಯ, ಸಾಮಾಜಿಕ ನ್ಯಾಯ ಮೂರೂ ಒಂದೇ ಉಸಿರಿನಲ್ಲಿದ್ದವು. ಬಿಡಿಸಿ ನೋಡುವುದು ವಿದ್ವಾಂಸರ ಅನುಕೂಲಕ್ಕೆ.

ಫೇಸ್‌ಬುಕ್ ಕ್ರಾಂತಿ ಎಂಬ ಮಾತನ್ನಂತೂ ಕೈಬಿಡುವುದೇ ಲೇಸು. ಅಲೆಕ್ಸಾಂಡ್ರಿಯಾದಲ್ಲಿ ಪೊಲೀಸರ ಹೊಡೆತಕ್ಕೆ ಸತ್ತ ಖಾಲಿದ್ ಸಯೀದ್ ಹೆಸರಿನ ಪುಟ ಲಕ್ಷಾಂತರ ಜನರನ್ನು ಬೆಸೆದದ್ದು ನಿಜ. ಆದರೆ 2011ರ ಜನವರಿ 28ರ ಶುಕ್ರವಾರ ಸರ್ಕಾರ ಇಂಟರ್ನೆಟ್ಟನ್ನೂ ಮೊಬೈಲನ್ನೂ ಕಡಿದುಹಾಕಿತ್ತು. ಪೊಲೀಸರು ಸೋತು ಬೀದಿ ಬಿಟ್ಟು ಹೋದದ್ದು ಅವತ್ತೇ. ಪರದೆಯ ಮುಂದೆ ಕೂತಿದ್ದವನೂ ಏನಾಗುತ್ತಿದೆಯೆಂದು ನೋಡಲು ಹೊರಗೆ ಬಂದಿದ್ದ. ಮುಬಾರಕ್ ಬೀಳುವ ಕೊನೆಯ ವಾರದಲ್ಲಿ ಸೂಯೆಜ್ ಕಾಲುವೆಯ ಕಂಪನಿಗಳಿಂದ ಹಿಡಿದು ಕೈರೊದ ಬಸ್ ಡಿಪೊಗಳವರೆಗೆ ಕಾರ್ಮಿಕರು ಕೆಲಸ ನಿಲ್ಲಿಸಿದ್ದರು. ಅವರಿಗೆ ಇದು ಹೊಸದಲ್ಲ. ಮಹಲ್ಲಾದ ಬಟ್ಟೆ ಗಿರಣಿಗಳಲ್ಲಿ 2006ರಿಂದಲೂ ಮುಷ್ಕರ ನಡೆದಿತ್ತು.

ಹಾಗಾದರೆ ಜನ ಸೇರಿದರೆ ದೊರೆ ಬೀಳುತ್ತಾನೆಯೇ? ಇಲ್ಲ. ಬಂದೂಕು ಹಿಡಿದವರು ಪಕ್ಕಕ್ಕೆ ಸರಿದರೆ ಬೀಳುತ್ತಾನೆ. ದಂಗೆಗಳಿಗಿಂತ ಏಳು ವರ್ಷ ಮೊದಲೇ, 2004ರಲ್ಲಿ, ಈವಾ ಬೆಲ್ಲಿನ್ ಎಂಬ ರಾಜಕೀಯ ವಿದ್ವಾಂಸೆ ಹೀಗೆ ಬರೆದಿದ್ದರು: ಅರಬ್ ಸರ್ವಾಧಿಕಾರ ಗಟ್ಟಿಯಾಗಿರುವುದು ಅಲ್ಲಿನ ಧರ್ಮದಿಂದಲೂ ಅಲ್ಲ, ಸಂಸ್ಕೃತಿಯಿಂದಲೂ ಅಲ್ಲ; ದಮನ ಮಾಡುವ ಪಡೆಗಳಿಗೆ ದಮನದ ಇಚ್ಛೆಯೂ ಶಕ್ತಿಯೂ ಇರುವುದರಿಂದ. ಆ ಪ್ರಬಂಧದ ಬೆಳಕಿನಲ್ಲಿ 2011ನ್ನು ನೋಡಿದರೆ ಎಷ್ಟೋ ಗಂಟು ಸಡಿಲವಾಗುತ್ತದೆ.

ಟ್ಯುನೀಷಿಯಾದ ಸೇನೆ ಚಿಕ್ಕದು, ಬಡಪಾಯಿ, ರಾಜಕೀಯದಿಂದ ದೂರ. ಬೆನ್ ಅಲಿಯ ಕೈಕಾಲೆಲ್ಲ ಪೊಲೀಸರೇ. ಅವನಿಗಾಗಿ ಜನರ ಮೇಲೆ ಗುಂಡು ಹಾರಿಸಲು ಸೈನಿಕರಿಗೆ ಕಾರಣವಿರಲಿಲ್ಲ. ಈಜಿಪ್ಟಿನ ಸೇನೆ ಬೇರೆಯೇ ಪ್ರಾಣಿ. ಅದು ಪಾಸ್ತಾ ಮಾಡುತ್ತದೆ, ಬಾಟಲಿ ನೀರು ಮಾರುತ್ತದೆ, ಪೆಟ್ರೋಲ್ ಬಂಕ್ ನಡೆಸುತ್ತದೆ, ಅಮೆರಿಕದಿಂದ ವರ್ಷಕ್ಕೆ 130 ಕೋಟಿ ಡಾಲರ್ ನೆರವು ಪಡೆಯುತ್ತದೆ. ಮುಬಾರಕನ ಮಗ ಗಮಾಲ್ ಮತ್ತು ಅವನ ಉದ್ಯಮಿ ಸ್ನೇಹಿತರು ಪಟ್ಟಕ್ಕೆ ಬಂದರೆ ತಮ್ಮ ಪಾಲಿಗೆ ಸಂಚಕಾರ ಎಂದು ಜನರಲ್‌ಗಳಿಗೆ ಅನಿಸಿತ್ತು. ಮುದುಕನನ್ನು ಕೈಬಿಟ್ಟು ಮನೆತನದ ಆಸ್ತಿ ಉಳಿಸಿಕೊಂಡರು, ಅಷ್ಟೆ. ಮುಬಾರಕ್ ಇಳಿದ ಫೆಬ್ರುವರಿ 11ರ ರಾತ್ರಿ ಜನ ಟ್ಯಾಂಕ್ ಹತ್ತಿ ಸೈನಿಕರನ್ನು ಮುದ್ದಾಡಿದ ಚಿತ್ರಗಳನ್ನು ಈಗ ನೋಡಿದರೆ ಮನಸ್ಸು ಕುಗ್ಗುತ್ತದೆ.

ಬಹ್ರೇನಿನ ಲೆಕ್ಕ ಇನ್ನೂ ಸರಳ. ಪ್ರಜೆಗಳಲ್ಲಿ ಹೆಚ್ಚಿನವರು ಶಿಯಾ, ಅರಸು ಮನೆತನ ಸುನ್ನಿ, ಭದ್ರತಾ ಪಡೆಗೆ ಪಾಕಿಸ್ತಾನದಂಥ ಹೊರನಾಡುಗಳಿಂದ ತಂದ ಸುನ್ನಿಗಳು. ತನ್ನ ಅಣ್ಣತಮ್ಮಂದಿರ ಮೇಲೆ ಗುಂಡು ಹೊಡೆಯಲೋ ಬೇಡವೋ ಎಂಬ ಸಂಕಟ ಅಂಥ ಪಡೆಗೆ ಬರುವುದಿಲ್ಲ. ಸಾಲದ್ದಕ್ಕೆ ಮಾರ್ಚ್ 14ರಂದು ಸಮುದ್ರ ಸೇತುವೆ ದಾಟಿ ಸೌದಿ ಸೇನೆಯೂ ಬಂತು. ಜನ ಸೇರುತ್ತಿದ್ದ ಪರ್ಲ್ ವೃತ್ತದ ಸ್ಮಾರಕವನ್ನೇ 18ರಂದು ಕೆಡವಿಹಾಕಿದರು. ಅಮೆರಿಕದ ಐದನೇ ನೌಕಾಪಡೆಯ ನೆಲೆ ಇರುವುದು ಅದೇ ದ್ವೀಪದಲ್ಲಿ. ವಾಷಿಂಗ್ಟನ್ ಗಂಟಲು ಸರಿಮಾಡಿಕೊಂಡು ಸುಮ್ಮನಾಯಿತು. ಸೌದಿಯಲ್ಲಿ ದೊರೆ ಅಬ್ದುಲ್ಲಾ ನೂರು ಶತಕೋಟಿ ಡಾಲರ್‌ಗೂ ಮೀರಿದ ಮನೆ, ಸಂಬಳ, ಭತ್ಯೆಗಳ ಕೊಡುಗೆ ಸಾರಿ ಬೀದಿ ತಣ್ಣಗಿರುವಂತೆ ನೋಡಿಕೊಂಡ. ತೈಲವಿದ್ದ ರಾಜರಿಗೆ ಆ ದಾರಿ ಇತ್ತು.

ಗದ್ದಾಫಿಯ ವಿಷಯಕ್ಕೆ ಬರೋಣ, ವಾದವೆಲ್ಲ ಶುರುವಾಗುವುದೇ ಅಲ್ಲಿಂದ. 1969ರಲ್ಲಿ ಅಧಿಕಾರ ಹಿಡಿದವನು ಇದ್ದ ಸಂವಿಧಾನವನ್ನು ರದ್ದು ಮಾಡಿದ. 1972ರಲ್ಲಿ ರಾಜಕೀಯ ಪಕ್ಷಗಳನ್ನು ನಿಷೇಧಿಸಿ, ಸಂಘಟನೆ ಕಟ್ಟಿದವರಿಗೆ ಮರಣದಂಡನೆಯವರೆಗೆ ಶಿಕ್ಷೆ ಇಟ್ಟ ಕಾನೂನು ತಂದ. ಸೇನೆ ತನ್ನ ವಿರುದ್ಧವೇ ತಿರುಗಬಾರದೆಂದು ಅದನ್ನು ಸೊರಗಿಸಿ, ಮಕ್ಕಳ ಕೈಕೆಳಗೆ ಪ್ರತ್ಯೇಕ ದಳಗಳನ್ನು ಸಾಕಿದ. 1996ರಲ್ಲಿ ಟ್ರಿಪೊಲಿಯ ಅಬು ಸಲೀಂ ಜೈಲಿನಲ್ಲಿ ಸುಮಾರು 1,200 ಕೈದಿಗಳನ್ನು ಕೊಂದರು. ಮನೆಯವರಿಗೆ ವರ್ಷಗಟ್ಟಲೆ ತಿಳಿಸಲೂ ಇಲ್ಲ. ಆ ತಾಯಂದಿರೂ ಹೆಂಡಂದಿರೂ ಬೆಂಗಾಜಿಯಲ್ಲಿ ಫೋಟೊ ಹಿಡಿದು ನಿಲ್ಲುತ್ತಿದ್ದರು. ಅವರ ವಕೀಲ ಫತಿ ತೆರ್ಬಿಲ್‌ನನ್ನು 2011ರ ಫೆಬ್ರುವರಿ 15ರಂದು ಹಿಡಿದದ್ದೇ ದಂಗೆಗೆ ನೆಪವಾಯಿತು. ಶಾಲೆ, ಆಸ್ಪತ್ರೆ, ಅಗ್ಗದ ವಿದ್ಯುತ್ ಇದ್ದವು ನಿಜ. ನಾಲ್ಕು ದಶಕದಲ್ಲಿ ಒಂದು ಪಕ್ಷ, ಸ್ವತಂತ್ರವಾದ ಒಂದು ನ್ಯಾಯಾಲಯ, ಎಲ್ಲರೂ ಒಪ್ಪುವ ಒಂದು ಸೇನೆ ಇರಲಿಲ್ಲ ಎನ್ನುವುದೂ ಅಷ್ಟೇ ನಿಜ.

ಹೊರಗಿನವರ ತಪ್ಪು ಇದರ ಮೇಲೆ ಕೂತಿತು. ಮಾರ್ಚ್ 17ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ ನಾಗರಿಕರ ರಕ್ಷಣೆಗೆಂದು 1973ನೇ ನಿರ್ಣಯ ಮಾಡಿತು. ಹತ್ತು ದೇಶಗಳು ಪರ. ಭಾರತ, ಚೀನಾ, ರಷ್ಯಾ, ಬ್ರೆಜಿಲ್, ಜರ್ಮನಿ ತಟಸ್ಥ. ಬೆಂಗಾಜಿಯನ್ನು ಕಾಯಲು ಹೊರಟ ನೇಟೊ ಅಕ್ಟೋಬರ್ 20ರಂದು ಗದ್ದಾಫಿ ಸಿರ್ತ್‌ನಲ್ಲಿ ಸಾಯುವವರೆಗೆ ನಿಲ್ಲಲಿಲ್ಲ. ಅಧಿಕಾರ ಬದಲಿಸಲು ಅಪ್ಪಣೆ ಸಿಕ್ಕಿರಲಿಲ್ಲ ಎಂಬ ದೆಹಲಿಯ ಆಕ್ಷೇಪ ಸರಿಯಾಗಿಯೇ ಇತ್ತು. ಆದರೆ ಕೈಕಟ್ಟಿ ಕೂತಿದ್ದರೆ ಆ ವಾರ ಬೆಂಗಾಜಿಯಲ್ಲಿ ಏನಾಗುತ್ತಿತ್ತು ಎಂಬುದಕ್ಕೆ ತಟಸ್ಥ ಮತದಲ್ಲಿ ಉತ್ತರವಿಲ್ಲ. 2012ರ ಜುಲೈಯಲ್ಲಿ ಲಿಬಿಯಾದವರು ಸಾಲುಗಟ್ಟಿ ನಿಂತು ಮತ ಹಾಕಿದರು. ಆಯ್ಕೆಯಾದವರ ಮಾತು ಜಾರಿಗೆ ತರಲು ಪೊಲೀಸರೂ ಇಲ್ಲ, ಸೇನೆಯೂ ಇಲ್ಲ. ಬಂದೂಕಿನ ಗುಂಪುಗಳಿಗೆ ಖಜಾನೆಯಿಂದಲೇ ಸಂಬಳ ಕೊಟ್ಟರು. 2014ರ ಹೊತ್ತಿಗೆ ಎರಡು ಸರ್ಕಾರಗಳಾದವು.

ಸಿರಿಯಾದಲ್ಲಿ ಏರ್ಪಾಡು ಇನ್ನೂ ಕ್ರೂರ. ದರಾ ಊರಿನ ಗೋಡೆಯ ಮೇಲೆ ಸರ್ಕಾರದ ವಿರುದ್ಧ ಬರೆದ ಹುಡುಗರನ್ನು ಹಿಡಿದು ಹಿಂಸಿಸಿದ್ದರಿಂದ 2011ರ ಮಾರ್ಚ್‌ನಲ್ಲಿ ಜನ ಕೆರಳಿದರು. ಮೊದಲ ತಿಂಗಳುಗಳು ಹೆಚ್ಚಾಗಿ ಶಾಂತ ಮೆರವಣಿಗೆಗಳೇ. ದಮಾಸ್ಕಸ್ ಬಳಿಯ ದಾರಯ್ಯಾದಲ್ಲಿ ಘಿಯಾತ್ ಮತರ್ ಎಂಬ ದರ್ಜಿ ಯುವಕ ಎದುರು ಬಂದ ಸೈನಿಕರಿಗೆ ಹೂವು, ನೀರಿನ ಬಾಟಲಿ ಕೊಡುತ್ತಿದ್ದ. ‘ಪುಟ್ಟ ಗಾಂಧಿ’ ಎಂದು ಅವನಿಗೆ ಹೆಸರಾಯಿತು. ಸೆಪ್ಟೆಂಬರ್‌ನಲ್ಲಿ ಅವನನ್ನು ಹಿಡಿದೊಯ್ದರು, ಕೆಲವೇ ದಿನಕ್ಕೆ ಹೆಣ ಮನೆಗೆ ಬಂತು. ಅದೇ ವರ್ಷ ಕ್ಷಮಾದಾನದ ಹೆಸರಿನಲ್ಲಿ ಸೆದ್ನಾಯಾ ಜೈಲಿನಿಂದ ಹೊರಬಿಟ್ಟವರಲ್ಲಿ ಮುಂದೆ ಸಶಸ್ತ್ರ ಇಸ್ಲಾಮಿ ಗುಂಪುಗಳ ನಾಯಕರಾದವರಿದ್ದರು. ಹೂವು ಕೊಟ್ಟವನಿಗೆ ಸಾವು, ಬಂದೂಕು ಹಿಡಿಯುವವನಿಗೆ ಬಿಡುಗಡೆ. ತನ್ನ ಎದುರಾಳಿ ಯಾರಿರಬೇಕು ಎಂಬುದನ್ನು ಅಸಾದ್ ತಾನೇ ಆರಿಸಿಕೊಂಡ, ಆಮೇಲೆ ಅವರನ್ನೇ ಜಗತ್ತಿಗೆ ತೋರಿಸಿದ. ಐದು ಲಕ್ಷಕ್ಕೂ ಹೆಚ್ಚು ಸಾವು, ದೇಶದ ಅರ್ಧದಷ್ಟು ಜನ ನೆಲೆತಪ್ಪಿದ್ದು, ಎಲ್ಲ ಇದರ ನಂತರದ ಲೆಕ್ಕ.

ಈಜಿಪ್ಟಿನಲ್ಲಿ ಬೀದಿಗೆ ಬಂದವರ ತಪ್ಪುಗಳೂ ಕಡಿಮೆಯಲ್ಲ, ಅದನ್ನು ಮುಚ್ಚಿಡಬಾರದು. ಮುಬಾರಕನ ಮೂವತ್ತು ವರ್ಷದಲ್ಲಿ ಬದುಕುಳಿದ ದೊಡ್ಡ ಸಂಘಟನೆಗಳು ಎರಡೇ: ಸೇನೆ ಮತ್ತು ಮುಸ್ಲಿಂ ಬ್ರದರ್‌ಹುಡ್. ತಹ್ರೀರ್‌ನ ಯುವಕರು ತಮಗೆ ನಾಯಕರಿಲ್ಲ ಎಂಬುದನ್ನೇ ಹೆಗ್ಗಳಿಕೆ ಮಾಡಿಕೊಂಡರು. ಚೌಕ ತುಂಬಿಸಲು ಬಂದವರಿಗೆ ಮತಗಟ್ಟೆಗೆ ಏಜೆಂಟರನ್ನು ಕೂರಿಸಲು ಬರಲಿಲ್ಲ. ಇರಾನಿ ಮೂಲದ ಸಮಾಜಶಾಸ್ತ್ರಜ್ಞ ಆಸೆಫ್ ಬಯಾತ್ 2017ರ ತಮ್ಮ ಪುಸ್ತಕವನ್ನು ‘ಕ್ರಾಂತಿಕಾರಿಗಳಿಲ್ಲದ ಕ್ರಾಂತಿ’ ಎಂದೇ ಕರೆದರು. ಹಳೆಯ ಪ್ರಭುತ್ವವನ್ನು ಹಿಡಿದಲ್ಲಾಡಿಸುವ ಕಾರ್ಯಕ್ರಮವೇ ಈ ದಂಗೆಗಳಿಗೆ ಇರಲಿಲ್ಲ, ಅದೇ ಪ್ರಭುತ್ವಕ್ಕೆ ಸುಧಾರಿಸಿಕೋ ಎಂದು ಕೇಳಿದವು ಎಂಬುದು ಅವರ ವಾದ. 2012ರ ಜೂನ್‌ನಲ್ಲಿ ಬ್ರದರ್‌ಹುಡ್‌ನ ಮೊಹಮ್ಮದ್ ಮುರ್ಸಿ ಶೇಕಡಾ 51.7 ಮತ ಪಡೆದು ಗೆದ್ದರು. ಐದೇ ತಿಂಗಳಿಗೆ ತಮ್ಮ ಆದೇಶಗಳನ್ನು ಕೋರ್ಟು ಪ್ರಶ್ನಿಸುವಂತಿಲ್ಲ ಎಂದು ಫರ್ಮಾನು ಹೊರಡಿಸಿದರು. ಉದಾರವಾದಿಗಳು ಬೆದರಿ ಸೇನೆಯ ಬೆನ್ನಿಗೆ ನಿಂತರು. 2013ರ ಜುಲೈ 3ರಂದು ಜನರಲ್ ಸಿಸಿ ಮುರ್ಸಿಯನ್ನು ಇಳಿಸಿದಾಗ ಚಪ್ಪಾಳೆ ತಟ್ಟಿದವರಲ್ಲಿ ನೊಬೆಲ್ ಪಡೆದ ಎಲ್ ಬರಾದೈ ಕೂಡ ಇದ್ದರು. ಆಗಸ್ಟ್ 14ರಂದು ಮುರ್ಸಿ ಬೆಂಬಲಿಗರು ಕೂತಿದ್ದ ರಾಬಾ ಚೌಕವನ್ನು ತೆರವು ಮಾಡಿದಾಗ ಕನಿಷ್ಠ 817 ಮಂದಿ ಸತ್ತರೆಂದು ಹ್ಯೂಮನ್ ರೈಟ್ಸ್ ವಾಚ್ ಲೆಕ್ಕ ಹಾಕಿತು. ಎಲ್ ಬರಾದೈ ಹೊಸ ಸರ್ಕಾರದಲ್ಲಿ ಪಡೆದಿದ್ದ ಹುದ್ದೆಗೆ ಅಂದೇ ರಾಜೀನಾಮೆ ಕೊಟ್ಟರು.

ಅವತ್ತು ಪ್ರಧಾನಿಯಾಗಿದ್ದವರು ಹಾಜೆಂ ಬೆಬ್ಲಾವಿ ಎಂಬ ಅರ್ಥಶಾಸ್ತ್ರಜ್ಞ. ಬೆವರು ಸುರಿಸದೆ ಬರುವ ತೈಲದ ಹಣ ಆಳುವವನನ್ನು ಪ್ರಜೆಗಳ ಹಂಗಿನಿಂದ ಹೇಗೆ ಬಿಡಿಸುತ್ತದೆ ಎಂದು 1980ರ ದಶಕದಲ್ಲಿ ಬರೆದು ಹೆಸರಾದವರು. ಸರ್ವಾಧಿಕಾರದ ಅಂಗರಚನೆ ಬಲ್ಲವರೂ ಅದರ ಕಾಗದಕ್ಕೆ ರುಜು ಹಾಕಬಲ್ಲರು.

ಟ್ಯುನೀಷಿಯಾ ನನ್ನ ವಾದಕ್ಕೆ ಮೊದಲು ಒದಗುತ್ತದೆ, ಆಮೇಲೆ ಕಾಡುತ್ತದೆ. ಅಲ್ಲಿ 1946ರಲ್ಲಿ ಹುಟ್ಟಿದ ಯುಜಿಟಿಟಿ ಎಂಬ ಕಾರ್ಮಿಕ ಒಕ್ಕೂಟವಿತ್ತು. ಬೆನ್ ಅಲಿಗಿಂತ ಮುಂಚೆ ಆಳಿದ ಬೂರ್ಗೀಬಾ ಆಗಲಿ ಬೆನ್ ಅಲಿ ಆಗಲಿ ಅದನ್ನು ಬಗ್ಗಿಸಿದರು, ಮುರಿಯಲಾಗಲಿಲ್ಲ. 2013ರಲ್ಲಿ ಎಡಪಂಥದ ಇಬ್ಬರು ನಾಯಕರ ಕೊಲೆಯಾಗಿ ದೇಶ ಈಜಿಪ್ಟಿನ ದಾರಿ ಹಿಡಿಯುತ್ತದೆ ಎನ್ನುವಾಗ ಈ ಒಕ್ಕೂಟ ಉದ್ಯಮಿಗಳ ಸಂಘ, ವಕೀಲರ ಸಂಘ, ಮಾನವ ಹಕ್ಕು ಸಂಘಟನೆಯನ್ನು ಕೂಡಿಸಿಕೊಂಡು ಇಸ್ಲಾಮಿ ಪಕ್ಷವಾದ ಎನ್ನಹ್ದಾವನ್ನೂ ವಿರೋಧಿಗಳನ್ನೂ ಒಂದೇ ಮೇಜಿಗೆ ಕರೆತಂದಿತು. 2014ರಲ್ಲಿ ಸಂವಿಧಾನ ಬಂತು, 2015ರಲ್ಲಿ ನಾಲ್ವರಿಗೂ ಸೇರಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಸಂಘ ಉಳಿದಿದ್ದರಿಂದ ನಾಡು ಉಳಿಯಿತು ಎಂದು ನಾನು ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ 2021ರ ಜುಲೈ 25ರಂದು ಅಧ್ಯಕ್ಷ ಕೈಸ್ ಸಯೀದ್ ಸಂಸತ್ತಿಗೆ ಬೀಗ ಹಾಕಿಸಿದಾಗ ಜನ ಬೀದಿಗೆ ಬಂದು ಕುಣಿದರು. ಹತ್ತು ವರ್ಷದ ಮತಪೆಟ್ಟಿಗೆ ಸಿದಿ ಬೂಝೀದ್‌ನ ಹುಡುಗರಿಗೆ ಕೆಲಸ ಕೊಟ್ಟಿರಲಿಲ್ಲ. ಜಗಳಗಂಟ ಸಂಸತ್ತಿನ ಮೇಲೆ ಬೇಸರ, ಕೊರೊನಾದ ಸಾವುಗಳ ಸಿಟ್ಟು. 2024ರ ಚುನಾವಣೆಯಲ್ಲಿ ಸಯೀದ್‌ಗೆ ಶೇಕಡಾ 90 ಮತ; ಮತಗಟ್ಟೆಗೆ ಬಂದವರು ಮಾತ್ರ ಮೂರರಲ್ಲಿ ಒಬ್ಬರೂ ಇಲ್ಲ. ಸಂಸ್ಥೆಗಳು ಉಳಿದಿದ್ದರೆ ರಕ್ತಪಾತ ತಪ್ಪೀತು, ಹಸಿದವರು ಅವನ್ನು ಕಾಯುತ್ತಾರೆಂದು ಹೇಳಲು ಬರುವುದಿಲ್ಲ.

ಅರಬರ ಮನೋಧರ್ಮಕ್ಕೆ ಪ್ರಜಾಪ್ರಭುತ್ವ ಒಗ್ಗದು ಎಂಬ ವಾದಕ್ಕೆ ಹೆಚ್ಚು ಜಾಗ ಕೊಡಲಾರೆ. ಅರಬ್ ಜಗತ್ತಿನ ಮೊದಲ ಲಿಖಿತ ಸಂವಿಧಾನ ಇದೇ ಟ್ಯುನಿಸ್‌ನಲ್ಲಿ ಬಂದದ್ದು 1861ರಲ್ಲಿ. ಅಲೆಪ್ಪೊದ ಅಲ್ ಕವಾಕಿಬಿ ನಿರಂಕುಶ ಪ್ರಭುತ್ವದ ಸ್ವಭಾವವನ್ನು ಕುರಿತು ಒಂದು ಇಡೀ ಪುಸ್ತಕ ಬರೆದು 1902ರಲ್ಲಿ ತೀರಿಕೊಂಡ.

ಮೊದಲ ಅಲೆಯ ಪಾಠ ಕಲಿತವರು 2018–19ರಲ್ಲಿ ಎದ್ದರು. ಸುಡಾನಿನ ಅತ್ಬರಾ ಎಂಬ ರೈಲ್ವೆ ಊರಿನಲ್ಲಿ ಬ್ರೆಡ್ಡಿನ ಬೆಲೆಗೆ ಶುರುವಾದ ಚಳವಳಿ 2019ರ ಏಪ್ರಿಲ್ 11ರಂದು ಮೂವತ್ತು ವರ್ಷದ ಒಮರ್ ಅಲ್ ಬಷೀರನನ್ನು ಇಳಿಸಿತು. ದೊರೆ ಇಳಿದ ಮೇಲೂ ಜನ ಮನೆಗೆ ಹೋಗಲಿಲ್ಲ. ಸೇನಾ ಕಚೇರಿಯ ಎದುರೇ ಕೂತರು. ಆದರೆ ಬಷೀರ್ ಬಿಟ್ಟುಹೋದ ಆಸ್ತಿಯೊಂದಿತ್ತು. ಸೇನೆ ತನ್ನ ಮೇಲೆ ತಿರುಗಿಬಿದ್ದರೆ ಇರಲಿ ಎಂದು ದಾರ್ಫುರ್‌ನ ಜಂಜಾವೀದ್ ಪಡೆಗಳಿಂದ 2013ರಲ್ಲಿ ಕಟ್ಟಿಸಿದ ಅರೆಸೇನೆ ಆರ್‌ಎಸ್‌ಎಫ್. ಬೇಲಿಯೇ ಎದ್ದು ಹೊಲ ಮೇಯಿತು. ಸೇನೆಯೂ ಅದೂ ಸೇರಿ 2021ರಲ್ಲಿ ನಾಗರಿಕ ಸರ್ಕಾರವನ್ನು ಕಿತ್ತುಹಾಕಿದವು, 2023ರ ಏಪ್ರಿಲ್ 15ರಂದು ಒಂದರ ಮೇಲೊಂದು ಬಿದ್ದವು. ನಾಟಿ ಎಣ್ಣೆ, ಗಿಡಮೂಲಿಕೆ ಮಾರಲು ಹೋಗಿದ್ದ ಹುಣಸೂರು, ಶಿವಮೊಗ್ಗ, ಚನ್ನಗಿರಿ ಕಡೆಯ ಹಕ್ಕಿಪಿಕ್ಕಿಗಳು ಎಲ್ ಫಶೀರ್‌ನಲ್ಲಿ ಸಿಕ್ಕಿಬಿದ್ದದ್ದು ಆಗಲೇ. ನಮ್ಮಲ್ಲಿ ವಿಧಾನಸಭೆ ಚುನಾವಣೆಯ ಕಾಲ. ಅವರನ್ನು ಕರೆತರುವ ಮಾತೂ ರಾಜಕೀಯ ಜಗಳವಾಯಿತು. ಕೊನೆಗೆ ‘ಆಪರೇಷನ್ ಕಾವೇರಿ’ಯಲ್ಲಿ ಭಾರತೀಯರನ್ನು ಹಡಗು, ವಿಮಾನ ಹತ್ತಿಸಿ ತಂದರು. ಅಲ್ಲಿಯೇ ಉಳಿದ ಸುಡಾನಿಗರಿಗೆ ಅನ್ನ ಹಾಕುತ್ತಿರುವುದು, ಮೆರವಣಿಗೆ ನಡೆಸುತ್ತಿದ್ದ ಅದೇ ಬಡಾವಣೆ ಸಮಿತಿಗಳ ಹುಡುಗ ಹುಡುಗಿಯರು. ಗಂಜಿಕೇಂದ್ರ, ಔಷಧಿ, ಊರು ಬಿಡುವವರಿಗೆ ದಾರಿ, ಎಲ್ಲ ಅವರದೇ. ದಂಗೆ ಸೋತಿತು ಎಂದು ಬರೆಯುವಾಗ ಇದನ್ನು ಯಾವ ಕಲಮಿಗೆ ಹಾಕುವುದೋ ತಿಳಿಯದು.

2024ರ ಡಿಸೆಂಬರ್ 8ರಂದು, ಯಾರೂ ಎಣಿಸಿರದ ಹೊತ್ತಿನಲ್ಲಿ, ಅಸಾದ್ ಮಾಸ್ಕೊಗೆ ಓಡಿಹೋದ. ದೊರೆ ಇಳಿದ ಮೇಲೆ ಉಳಿಯುವುದೇನು ಎಂಬ 2011ರ ಪ್ರಶ್ನೆ ಈಗ ಅಹ್ಮದ್ ಅಲ್ ಶಾರಾನ ಮುಂದಿದೆ. ಹಿಂದೆ ಅಲ್ ಕೈದಾದಲ್ಲಿದ್ದವನು, ಈಗ ಸೂಟು ತೊಟ್ಟ ಅಧ್ಯಕ್ಷ. 2025ರ ಮಾರ್ಚ್‌ನಲ್ಲಿ ಹೊರಡಿಸಿದ ಮಧ್ಯಂತರ ಸಂವಿಧಾನ ಅವನಿಗೆ ಐದು ವರ್ಷ ಕೊಟ್ಟಿದೆ. ಅಕ್ಟೋಬರ್‌ನಲ್ಲಿ ಶಾಸನಸಭೆಗೆ ಆಯ್ಕೆ ನಡೆಯಿತು, ಜನ ನೇರವಾಗಿ ಮತ ಹಾಕಲಿಲ್ಲ; ಮೂರನೇ ಒಂದು ಪಾಲು ಸದಸ್ಯರನ್ನು ಅಧ್ಯಕ್ಷನೇ ನೇಮಿಸುವ ಏರ್ಪಾಡು. ಮಾರ್ಚ್‌ನಲ್ಲೇ ಅಸಾದ್ ಪಂಗಡದವರಾದ ಕರಾವಳಿಯ ಅಲಾವಿಗಳ ಕಗ್ಗೊಲೆಯಾಗಿತ್ತು. ದಕ್ಷಿಣದಲ್ಲಿ ದ್ರೂಸ್ ಪಂಗಡದವರ ನಾಡಾದ ಸುವೈದಾದಲ್ಲಿ 2023ರ ಆಗಸ್ಟ್‌ನಿಂದ ಅಸಾದ್ ಬೀಳುವವರೆಗೂ ಜನ ಅಲ್ ಕರಾಮಾ ಚೌಕಕ್ಕೆ ಬರಿಗೈಯಲ್ಲಿ ಬಂದು ನಿಲ್ಲುತ್ತಿದ್ದರು. ಶಾಂತ ಚಳವಳಿ ಇಡೀ ದೇಶದಲ್ಲಿ ಅಷ್ಟು ಗಟ್ಟಿಯಾಗಿ ಉಳಿದಿದ್ದ ಜಾಗ ಬೇರೆ ಇರಲಿಲ್ಲ. 2025ರ ಜುಲೈಯಲ್ಲಿ ಆ ಊರಿಗೆ ನುಗ್ಗಿದ ಹೊಸ ಸರ್ಕಾರದ ಪಡೆಗಳಿಗೆ ಅಲ್ಲಿ ಕಂಡದ್ದು ಪಳಗಿಸಬೇಕಾದ ದ್ರೂಸ್ ಬಂದೂಕುಗಳು ಮಾತ್ರ.